ನಾನು ಬರೆದ ಭಾನಾಮತಿ ಊರೊಳಗೆ ಬಂದ ದಿನ

ಇದು ಮೂರು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳ ಮಾತು. ಭಯದ ಕಥೆಗಳನ್ನು ಬರೆಯಲು ತೊಡಗಿ ಆಗ ನನಗೆ ಇಪ್ಪತ್ತೆರಡು ವರ್ಷಗಳ ಅನುಭವವಾಗಿತ್ತು. ರಾಯಚೂರಿನ ಒಂದು ಸಣ್ಣ ವಾರಪತ್ರಿಕೆಯ ಹಿಂಬದಿಯ ಪುಟ ತುಂಬಿಸುವುದಕ್ಕೆ ಆರಂಭಿಸಿದವಳು, ಹನ್ನೊಂದು ಕಾದಂಬರಿಗಳನ್ನು ಮುಗಿಸಿ, ಕೊನೆಗೆ ಮೊಬೈಲಿನಲ್ಲಿ ಕಥೆ ಕೇಳಿಸುವ ಒಂದು ಆ್ಯಪ್‌ಗೆ ಧಾರಾವಾಹಿ ಬರೆಯುವವಳಾಗಿದ್ದೆ. ಕೆಲಸದ ರೀತಿ ಹೀಗೆ: ನಾನು ರಾಯಚೂರಿನ ಮನೆಯಲ್ಲಿ ಕೂತು ಕಂತು ಬರೆದು ಕಳಿಸುತ್ತೇನೆ, ಬೆಂಗಳೂರಿನ ಸ್ಟುಡಿಯೋದಲ್ಲಿ ಒಬ್ಬ ಕಲಾವಿದರು ಅದನ್ನು ಓದುತ್ತಾರೆ, ಗಾಳಿ, ಬಾಗಿಲು, ನಾಯಿಯ ಊಳು ಎಲ್ಲವನ್ನೂ ಸೇರಿಸಿ, ಪ್ರತಿ ಶುಕ್ರವಾರ ಇಪ್ಪತ್ತು ನಿಮಿಷದ ಒಂದು ಕಂತು ಬಿಡುತ್ತಾರೆ. ಬರೆದು ಕಳಿಸಿದ ಮೇಲೆ ನಾನು ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ನನ್ನ ಕಥೆಯನ್ನು ನಾನೇ ಕಿವಿಗೆ ಹಾಕಿಕೊಂಡು ಕೇಳುವುದೆಂದರೆ ನನಗೆ ಏನೋ ನಾಚಿಕೆ.

ಆ ಸಲದ ಧಾರಾವಾಹಿಯ ವಿಷಯ ಭಾನಾಮತಿ. ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಯಾರೋ ಮಾಟ ಮಾಡಿದರೆ ಒಂದು ಮನೆಯ ಮೇಲೆ ಕಲ್ಲು ಬೀಳುತ್ತವೆ, ಉಣ್ಣುವ ಅನ್ನದಲ್ಲಿ ಕೂದಲು ಬರುತ್ತದೆ, ಹಗ್ಗದ ಮೇಲೆ ಒಣಹಾಕಿದ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ ಎಂಬ ನಂಬಿಕೆ ಇಲ್ಲಿ ಬಹಳ ಹಳೆಯದು. ಮಾಟ ಮಾಡಿದ್ದು ಯಾರೆಂದು ಹುಡುಕಲು ಹೊರಟ ಊರಿನ ಬೆರಳು ಸಾಮಾನ್ಯವಾಗಿ ಒಂಟಿಯಾಗಿರುವ ಹೆಂಗಸಿನ ಕಡೆಗೇ ತಿರುಗುತ್ತದೆ. ಹಾಗೆ ಸಿಕ್ಕವಳ ಹಲ್ಲು ಕಿತ್ತರೆ ಮಂತ್ರ ಬಾಯಿಂದ ಹೊರಡದೆ ಅವಳ ಶಕ್ತಿ ಹೋಗುತ್ತದೆ ಎಂದೂ ಹಿಂದಿನವರು ನಂಬಿದ್ದರು. ಇದೆಲ್ಲ ನನಗೆ ಕಥೆಯ ಸಾಮಗ್ರಿಯಾಗಿತ್ತು.

ಮಾಟಗಾತಿಗೆ ಒಂದು ಮುಖ ಬೇಕಿತ್ತು. ಅದಕ್ಕೆ ಎರಡು ವರ್ಷ ಮೊದಲು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಾಬಮ್ಮ ಎಂಬ ಮುದುಕಿಯನ್ನು ನಾನು ಕಂಡಿದ್ದೆ. ಗಂಡ ತೀರಿಹೋಗಿ, ಊರ ಹೊರಗೆ ಕುರಿಹಟ್ಟಿಯ ಪಕ್ಕದಲ್ಲಿ ಒಬ್ಬಳೇ ಇದ್ದಳು. ದನಕರುಗಳಿಗೆ ಬೇರು, ಸೊಪ್ಪು ಅರೆದು ಔಷಧ ಕೊಡುತ್ತಿದ್ದಳು. ನನಗೆ ರೊಟ್ಟಿ ಕೊಟ್ಟು, ಮಜ್ಜಿಗೆ ಕೊಟ್ಟು, ಎರಡು ತಾಸು ಕುರಿಗಳ ವಿಷಯ ಮಾತಾಡಿದ್ದಳು. ಅವಳ ಮುಖದಲ್ಲಿ ಒಂದು ಗುರುತಿತ್ತು. ಅದು ಯಾವುದೆಂದು ಮತ್ತೊಮ್ಮೆ ಬರೆಯುವ ತಪ್ಪು ಮಾಡುವುದಿಲ್ಲ. ಧಾರಾವಾಹಿಯಲ್ಲಿ ಮಾತ್ರ ಆ ಗುರುತು, ಅವಳ ನಡಿಗೆ, ಕಂಬಳಿ ಹೊದೆಯುವ ರೀತಿ, ಕುರಿಗಳನ್ನು ಕರೆಯುವ ದನಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಎತ್ತಿಟ್ಟೆ. ಹೆಸರನ್ನಷ್ಟೇ ಬದಲಿಸಿ ಈರಕ್ಕ ಎಂದು ಮಾಡಿದೆ. ಅಷ್ಟು ಸಾಕೆಂದುಕೊಂಡೆ.

ಏಳು ಕಂತು ಹೋದವು. ಎಂಟನೆಯದನ್ನು ಬರೆದು ಕಳಿಸಿದ್ದೆ. ಅದು ಮುಂದಿನ ಶುಕ್ರವಾರಕ್ಕೆ ಬರಬೇಕಿತ್ತು. ಸೋಮವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಸುಜಾತಕ್ಕಾರ ಏನ್ರೀ? ನಾನು ಮಹಾದೇವಿರೀ, ಆಶಾ ಕಾರ್ಯಕರ್ತಿ. ನಿಮ್ಮ ಕಥಿ ನಮ್ಮೂರಾಗ ನಡ್ಯಾಕತ್ತದರೀ.”

ಮೆಚ್ಚುಗೆಯ ಮಾತೆಂದು ತಿಳಿದು, “ಎಲ್ಲಾರೂ ಕೇಳಾಕತ್ತಾರೇನವ್ವ?” ಎಂದೆ.

“ಕೇಳೋದಲ್ರೀ ಅಕ್ಕಾರ. ನಡ್ಯಾಕತ್ತದ. ಕಲ್ಲು ಬಿದ್ವು, ಅನ್ನದಾಗ ಕೂದಲಾ ಬಂತು, ಸೀರಿ ಉರದ್ವು. ನೀವು ಹೆಂಗ ಹೇಳಿದ್ರೋ ಹಂಗ, ಒಂದರ ಹಿಂದ ಒಂದು. ಮಂದಿ ಈಗ ಸಾಬವ್ವನ್ನ ಹಿಡದಾರ.”

ಹಳ್ಳಿಯ ಹೆಸರು ಹೇಳಿದಳು. ನಾನು ಕಂಡಿದ್ದ ಸಾಬಮ್ಮನದೇ ಹಳ್ಳಿ; ಅಲ್ಲಿಯವರ ಬಾಯಲ್ಲಿ ಅವಳು ಸಾಬವ್ವ. ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದೆ. ಹೊರಗೆ ರಾಯಚೂರಿನ ಏಪ್ರಿಲ್ ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಇಳಿದಾಗ ಹತ್ತು ಗಂಟೆ. ಮಹಾದೇವಿ ಸ್ಕೂಟಿ ತಂದಿದ್ದಳು. ಮೂವತ್ತು ದಾಟಿದ, ಚುರುಕಿನ ಹೆಂಗಸು. ದಾರಿಯಲ್ಲಿ ಎಲ್ಲವನ್ನೂ ಹೇಳಿದಳು. ಕಾಟ ನಡೆದದ್ದು ಶರಣಪ್ಪ ಎಂಬವರ ಮನೆಯಲ್ಲಿ. ಕಾಲುವೆ ನೀರಿನ ಗದ್ದೆ ಇರುವ, ದಿನಾ ಲಿಂಗಪೂಜೆ ತಪ್ಪಿಸದ ಮನೆತನ. ಹಿರಿಮಗಳು ರೇಣುಕಾಳ ಮದುವೆ ಮಾನ್ವಿ ಕಡೆಯ ಹುಡುಗನ ಜೊತೆ ಗೊತ್ತಾಗಿ, ಇನ್ನು ಮೂರು ವಾರ ಉಳಿದಿತ್ತು. ಅಷ್ಟರಲ್ಲಿ ಹೀಗೆ. ಅಂದೇ ಸಂಜೆ ನಾಲ್ಕಕ್ಕೆ ಗುಡಿಯ ಕಟ್ಟೆಯ ಮುಂದೆ ಜನ ಸೇರುವವರಿದ್ದರು.

“ಸೇರಿ ಏನ್ ಮಾಡ್ತಾರ?” ಎಂದೆ.

ಮಹಾದೇವಿ ಸ್ಕೂಟಿ ನಿಧಾನ ಮಾಡಿದಳು. “ಹಲ್ಲು ಕೀಳ್ತೀವಿ ಅನ್ನಾಕತ್ತಾರ್ರೀ. ನಾನು ಠಾಣಿಗಿ ಫೋನ್ ಮಾಡೀನಿ, ಬರ್ತೀವಿ ಅಂದಾರ.”

ನನ್ನ ಎಂಟನೇ ಕಂತಿನ ಕೊನೆಯ ದೃಶ್ಯ ಅದೇ ಆಗಿತ್ತು. ಅದನ್ನು ಆ ಊರಿನವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಹಳಬರ ನೆನಪಿನಲ್ಲಿ ಅದು ಇದ್ದೇ ಇತ್ತು. 

ಮಹಾದೇವಿ ನನ್ನನ್ನು ರಾಯಚೂರಿನಿಂದ ಬಂದ ತನ್ನ ಪರಿಚಯದವರು ಎಂದಷ್ಟೇ ಹೇಳಿ ಶರಣಪ್ಪನ ಮನೆಗೆ ಕರೆದುಕೊಂಡು ಹೋದಳು. ಪಡಸಾಲೆಯಲ್ಲಿ ಏಳೆಂಟು ಜನ ಕೂತಿದ್ದರು. ಬಿಳಿ ಇಯರ್‌ಫೋನ್ ವೈರನ್ನು ಕೊರಳಿಗೆ ಸುತ್ತಿಕೊಂಡ ಒಬ್ಬ ಹುಡುಗಿ ನೀರು ತಂದುಕೊಟ್ಟು ಒಳಗೆ ಹೋದಳು. ಅವಳೇ ರೇಣುಕಾ ಎಂದು ಮಹಾದೇವಿ ಪಿಸುಗುಟ್ಟಿದಳು. ಶರಣಪ್ಪ ನನ್ನನ್ನು ದೇವರ ಕೋಣೆಯ ಬಾಗಿಲಿಗೆ ಕರೆದು, ಗೋಡೆ ತೋರಿಸಿದರು.

“ನಿನ್ನಿ ಮುಂಜಾನಿ ಮೂಡ್ಯಾದ್ರೀ ಇದು. ಇದನ್ನ ಕಂಡ ಮ್ಯಾಲೇ ಸಾಬವ್ವನ್ನ ಹಿಡದ್ವಿ.”

ಗೋಡೆಯ ಮೇಲೆ ಬೂದಿಯ ಒಂದು ಕೈ. ಐದು ಬೆರಳೂ ಅಗಲಿಸಿ ಒತ್ತಿದ ಅಂಗೈ.

ಕಲ್ಲು, ಕೂದಲು, ಬೆಂಕಿ ಇವೆಲ್ಲ ಪ್ರಸಾರವಾಗಿದ್ದ ಕಂತುಗಳಲ್ಲಿದ್ದವು. ಬೂದಿಯ ಕೈ ಬರುವುದು ಎಂಟನೇ ಕಂತಿನಲ್ಲಿ. ಅದನ್ನು ಬರೆದವಳು ನಾನು, ಓದಿದವರು ಬೆಂಗಳೂರಿನ ಇಬ್ಬರು. ಇನ್ನು ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಹಾಡಹಗಲು ಹನ್ನೊಂದು ಗಂಟೆಯ ಬೆಳಕಿನಲ್ಲಿ, ಅಷ್ಟು ಜನರ ನಡುವೆ, ಬಾಗಿಲ ಚೌಕಟ್ಟು ಹಿಡಿದು ನಿಂತೆ. ನಾನು ಯಾವುದನ್ನೋ ಕರೆದಿದ್ದೇನೆ, ಅದು ಬಂದಿದೆ ಎನಿಸಿತು. ಬರವಣಿಗೆಯ ಅಷ್ಟೂ ವರ್ಷಗಳಲ್ಲಿ ನನ್ನ ಕಥೆಯನ್ನು ನಾನೇ ನಂಬಿದ್ದು ಅದೇ ಮೊದಲು.

ಅಲ್ಲಿಂದ ಸಾಬಮ್ಮನ ಮನೆಗೆ ಹೋದೆವು. ಹಟ್ಟಿಯೊಳಗೆ ಎರಡು ದಿನದಿಂದ ಕೂಡಿಹಾಕಿದ ಕುರಿಗಳು ಒಂದೇ ಸಮ ಅರಚುತ್ತಿದ್ದವು. ಅಂಗಡಿಯವನು ಸಾಮಾನು ಕೊಟ್ಟಿರಲಿಲ್ಲ. ನಲ್ಲಿಗೆ ಬಿಡುತ್ತಿರಲಿಲ್ಲ; ಕುಡಿಯಲು ನೀರು ಕೇಳಿದರೆ ಹೆಂಗಸರು ಕೊಡ ಎತ್ತಿಕೊಂಡು ಓಡಿಹೋಗುತ್ತಿದ್ದರು. ಮುದುಕಿ ಮೂಲೆಯಲ್ಲಿ ಕೂತಿದ್ದಳು. ಸೀರೆಯ ಸೆರಗನ್ನು ಬಾಯಿಗೆ ಬಿಗಿಯಾಗಿ ಒತ್ತಿ ಹಿಡಿದಿದ್ದಳು. ಅವಳು ಹಲ್ಲುಗಳನ್ನು ಕಾಯ್ದುಕೊಳ್ಳುತ್ತಿದ್ದಾಳೆಂದು ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು.

ನನ್ನ ಗುರುತು ಹಿಡಿದಳು. “ಬಾ ಯವ್ವಾ. ಆವತ್ತ ರೊಟ್ಟಿ ತಿಂದು ಹ್ವಾದಿ. ಇವತ್ತ ಮನ್ಯಾಗ ನೀರೂ ಇಲ್ಲ.” ಸೆರಗಿನೊಳಗಿಂದಲೇ ಮಾತು. “ನಾ ಏನ್ ಮಾಡೀನಿ ಇವರಿಗಿ? ಇವರ ದನ ಹಿಡದು ಇವರ ಕೂಸಿನ ತನಕ ನನ್ನ ಕೈಯಾಗ ಅರಾಮ ಆಗ್ಯಾವ.”

ಉತ್ತರ ನನಗೆ ಗೊತ್ತಿತ್ತು.  ಮಹಾದೇವಿ ತಂದಿದ್ದ ನೀರಿನ ಬಾಟಲಿಯನ್ನು ಅವಳ ಮುಂದಿಟ್ಟು ಹೊರಗೆ ಬಂದುಬಿಟ್ಟೆ.

ಹಟ್ಟಿಯ ನೆರಳಿನಲ್ಲಿ ನಿಂತು ಬೆಂಗಳೂರಿನ ಸಂಪಾದಕರಿಗೆ ಫೋನ್ ಮಾಡಿದೆ. ಎಂಟನೇ ಕಂತು ಯಾರಾದರೂ ಕೇಳಿದ್ದಾರೆಯೇ ಎಂದು ಕೇಳಿದೆ.

“ಕಂತು ಬಂದಿಲ್ಲ ಮೇಡಂ. ಆದರೆ ಏಳನೇ ಕಂತಿನ ಕೊನೇಲಿ ಟೀಸರ್ ಹಾಕಿದ್ದೀವಲ್ಲ. ಮುಂದಿನ ವಾರ ಏನು ಅಂತ. ಪ್ರತಿ ವಾರ ಹಾಕ್ತೀವಿ.”

ನಾನು ಒಮ್ಮೆಯೂ ಕೇಳಿರಲಿಲ್ಲ. ಅಲ್ಲೇ ನಿಂತು ಕೇಳಿದೆ. ನಲವತ್ತು ಸೆಕೆಂಡಿನ ತುಣುಕು. ಡೋಲಿನ ಸದ್ದು, ನಂತರ ಭಾರವಾದ ಗಂಡು ದನಿ: ಬೆಳಗಾಗುವ ಹೊತ್ತಿಗೆ ದೇವರ ಕೋಣೆಯ ಗೋಡೆಯ ಮೇಲೆ ಬೂದಿಯ ಕೈಯೊಂದು ಮೂಡಿತ್ತು.

ಎದೆಯ ಮೇಲಿನ ಭಾರ ಇಳಿಯಿತು. ಇಳಿದಷ್ಟೇ ಬೇಗ ಬೇರೊಂದು ಭಾರ ಬಂದು ಕೂತಿತು. ಯಾವ ಶಕ್ತಿಯೂ ಬಂದಿಲ್ಲ. ಆ ಮನೆಯಲ್ಲಿ ಯಾರೋ ನನ್ನ ಕಥೆಯನ್ನು ಕೊನೆಯವರೆಗೆ ಕಿವಿಗೊಟ್ಟು ಕೇಳುತ್ತಿದ್ದಾರೆ. ಕೇಳಿದ್ದನ್ನು ಕೈಯಾರೆ ಮಾಡುತ್ತಿದ್ದಾರೆ.

“ಎಂಟನೇ ಕಂತು ನಿಲ್ಲಿಸ್ರಿ,” ಎಂದೆ.

“ಮೇಡಂ, ಜನ ಇದಕ್ಕೇ ಕಾಯ್ತಾ ಇದ್ದಾರೆ. ಶುಕ್ರವಾರ ಅದರ ಬದಲು ಏನು ಹಾಕ್ಲಿ?”

“ಏನೂ ಹಾಕಬ್ಯಾಡ್ರಿ. ಇಲ್ಲಿ ಒಬ್ಬಾಕಿ ಜೀವಕ್ಕ ಬಂದದ.”

ಅವರು ಮತ್ತೇನನ್ನೂ ಕೇಳದೆ ಒಪ್ಪಿದರು.

ಮಹಾದೇವಿಯನ್ನು ಶರಣಪ್ಪನ ಮನೆಯ ಮುಂದೆ ಮಾತಿಗೆ ಬಿಟ್ಟು, ನಾನು ಹಿತ್ತಲಿಗೆ ಹೋದೆ. ಕೊರಳಲ್ಲಿ ಆ ಇಯರ್‌ಫೋನ್ ಇದ್ದ ರೇಣುಕಾ ಪಾತ್ರೆ ತಿಕ್ಕುತ್ತಿದ್ದಳು. ಹದಿನಾರು ವರ್ಷ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳಂತೆ. ಕಾಲೇಜಿಗೆ ಸೇರಿಸಿ ಆರು ತಿಂಗಳಿಗೆ ಬಿಡಿಸಿದ್ದರು.

“ಏಳನೇ ಕಂತಿನಾಗ ಈರಕ್ಕ ಬಾಗಿಲಾ ಬಡಿಯೋದು ಚಲೋ ಬಂದದೇನವ್ವ?” ಎಂದೆ.

ಅವಳು ತಲೆಯೆತ್ತಿದಳು. ಆ್ಯಪ್‌ನಲ್ಲಿದ್ದ ಫೋಟೋ ನೆನಪಾಯಿತೋ ಏನೋ, ನನ್ನ ಮುಖವನ್ನೇ ನೋಡಿದಳು. “ನೀವು… ಸುಜಾತಕ್ಕಾರಾ?” ಎಂದವಳ ಕಣ್ಣಿನಲ್ಲಿ ಒಂದು ಗಳಿಗೆ ಸಂತೋಷ ಮೂಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ನಾನು ಏಕೆ ಬಂದಿದ್ದೇನೆಂದು ಅವಳಿಗೆ ಹೊಳೆಯಿತು. ಕೈಯಲ್ಲಿದ್ದ ತಂಬಿಗೆ ಜಾರಿ ಬಿತ್ತು.

ಮುಚ್ಚಿಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. “ಮನ್ಯಾಗ ಭಾನಾಮತಿ ಅದ ಅಂದ್ರ ಮಾನ್ವಿಯವರು ಒಲ್ಲೆ ಅಂತಾರ ಅಂದ್ಕೊಂಡಿದ್ನಿರೀ. ಅಷ್ಟ. ನನಗ ಮದಿವಿ ಬ್ಯಾಡ, ಓದ್ಬೇಕು. ಅಳದ್ರ ಯಾರೂ ಕೇಳಲಿಲ್ಲ. ಕಲ್ಲು ಬಿದ್ದ ಮ್ಯಾಲ ಎಲ್ಲಾರೂ ಅಂಜಿದ್ರು.”

ಮಾಳಿಗೆಯ ಮೇಲಿಂದ ದನದ ಕೊಟ್ಟಿಗೆಯ ತಗಡಿಗೆ ಕಲ್ಲು ಎಸೆದಿದ್ದಳು. ಒಣಹಾಕಿದ ಸೀರೆಯ ಮಡಿಕೆಯಲ್ಲಿ ಹೊತ್ತಿಸಿದ ಊದಿನಕಡ್ಡಿ ಸಿಕ್ಕಿಸಿ, ಬೆಂಕಿ ಹತ್ತುವ ಹೊತ್ತಿಗೆ ಅಮ್ಮನ ಜೊತೆ ಒಳಗೆ ರೊಟ್ಟಿ ಬಡಿಯುತ್ತ ಕೂತಿದ್ದಳು.

“ಸಾಬಮ್ಮ?” ಎಂದೆ.

“ಅಕಿ ಹೆಸರು ನಾ ತಗದಿಲ್ರೀ!” ಅವಳು ಬಿಕ್ಕಿದಳು. “ಮಂದೀನೇ ತಗದ್ರು. ನಿಮ್ಮ ಈರಕ್ಕ ಸಾಬವ್ವನಂಗೇ ಅದಾಳಲ್ರೀ. ಮಾರಿ, ನಡಗಿ, ಎಲ್ಲಾ. ಅಕಿ ಅಲ್ಲ, ನಾನು ಅಂತ ನಿನ್ನಿಯಿಂದ ಹೇಳಬೇಕಂತೀನಿ. ಬಾಯೇ ಬರವಲ್ದು. ನಮ್ಮಪ್ಪ ಕೊಂದ ಬಿಡ್ತಾನ್ರೀ.”

ಆ ಹುಡುಗಿ ಒಂದು ಮದುವೆಯನ್ನು ತಪ್ಪಿಸಲು ಕಲ್ಲು ಎಸೆದಿದ್ದಳು. ಆ ಕಲ್ಲು ಯಾರಿಗೆ ಬೀಳಬೇಕೆಂದು ತೋರಿಸಿಕೊಟ್ಟವಳು ನಾನು.

“ನೀ ಏನೂ ಹೇಳಬ್ಯಾಡ. ನಾ ನೋಡ್ಕೋತೀನಿ,” ಎಂದೆ. ಬರೆದವಳೇ ಎದ್ದು ನಿಂತು ಸುಳ್ಳು ಎಂದರೆ ಮುಗಿಯಿತು ಎಂದು ಅಷ್ಟು ವರ್ಷ ಜನರನ್ನು ನಂಬಿಸಿದ ನನಗೆ ಅನಿಸಿತ್ತು.

ನಾಲ್ಕಕ್ಕೆ ಮೊದಲೇ ಕಟ್ಟೆ ತುಂಬಿತ್ತು. ಠಾಣೆಗೆ ಮತ್ತೆ ಫೋನ್ ಮಾಡಿದೆವು. ಜೀಪು ದಾರಿಯಲ್ಲಿದೆ ಎಂದರು. ಇಬ್ಬರು ಹೆಂಗಸರು ಸಾಬಮ್ಮನ ರಟ್ಟೆ ಹಿಡಿದು ತಂದರು. ಕೈ ಹಿಡಿದಿದ್ದರಿಂದ ಸೆರಗು ಬಾಯಿಂದ ಜಾರಿತ್ತು. ಅವಳು ತುಟಿಗಳನ್ನು ಒಳಕ್ಕೆಳೆದುಕೊಂಡು ಕಚ್ಚಿಕೊಂಡಿದ್ದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬನ ಟವೆಲಿನಿಂದ ಇಕ್ಕಳದ ಹಿಡಿಕೆ ಕಾಣುತ್ತಿತ್ತು. ಅವನೂ ಬೆವರುತ್ತಿದ್ದ. ಅಲ್ಲಿ ಇದ್ದವರಲ್ಲಿ ಕ್ರೂರಿಯಂತೆ ಕಂಡವರು ಯಾರೂ ಇರಲಿಲ್ಲ. ಎಲ್ಲರ ಮುಖದಲ್ಲೂ ಇದ್ದದ್ದು ಹೆದರಿಕೆ.

ನಾನು ಕಟ್ಟೆ ಏರಿದೆ.  ದನಿ ಎತ್ತಿ ಶುರುಮಾಡಿದೆ.

“ಮೊಬೈಲ್‌ನಾಗ ನೀವು ಕೇಳೋ ಭಾನಾಮತಿ ಕಥಿ ಬರದಾಕಿ ನಾನು. ಅದರಾಗ ಖರೇ ಒಂದೂ ಇಲ್ರೀ. ಸಾಬಮ್ಮನ ಮನ್ಯಾಗ ರೊಟ್ಟಿ ತಿಂದು, ಅಕಿ ಮಾರಿ ಕದ್ದು, ಮಾಟಗಾತಿಗಿ ಹಚ್ಚೀನಿ. ತಪ್ಪು ನಂದು. ಅಕೀನ ಬಿಡ್ರಿ.”

 ಒಬ್ಬ ಹಿರಿಯರು ಎದ್ದರು. “ಹಂಗಾದ್ರ ಯವ್ವಾ, ಕಲ್ಲು ಬೀಳೋದು ನಿನಗ ಮೊದಲೇ ಹೆಂಗ ಗೊತ್ತಾತು?”

“ಗೊತ್ತಿದ್ದಿಲ್ರೀ. ನಾ ಬರದದ್ದು…”

“ನೀ ಬರದ ಮ್ಯಾಲ ಆಗ್ಯಾದ.” ಹಿಂದಿನಿಂದ ಒಂದು ಹೆಣ್ಣು ದನಿ ಕಿರುಚಿತು. “ಹಂಗಂದ್ರ ಮಾಡಿದಾಕಿ ಇಕೀನೇ!”

ಜನ ಎದ್ದರು. ಇಡೀ ಗುಂಪು ಒಂದು ಹೆಜ್ಜೆ ಮುಂದಕ್ಕೆ ಬಂತು. ಯಾರೋ ನನ್ನ ಬ್ಯಾಗು ಎಳೆದರು. ಹರಿದು, ಒಳಗಿದ್ದ ನೋಟ್‌ಬುಕ್ಕು ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತು. ಹಾವು ಕಂಡವರಂತೆ ಎಲ್ಲರೂ ಅದರಿಂದ ಹಿಂದೆ ಸರಿದರು. ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡರು. ನನ್ನ ಅಕ್ಷರ ನೋಡಿ ಜನ ಹೆದರಲಿ ಎಂದು ಅಷ್ಟು ವರ್ಷ ದುಡಿದವಳು ನಾನು. ಅವರು ಹೆದರಿದ್ದರು. ಇಕ್ಕಳ ಹಿಡಿದವನ ಕಣ್ಣು ಈಗ ನನ್ನ ಬಾಯಿಯ ಮೇಲಿತ್ತು. ಮಹಾದೇವಿ ಬಂದು ನನ್ನ ಮುಂದೆ ನಿಂತಳು.   

ಆಗ ಗುಂಪಿನ ಅಂಚಿನಿಂದ ರೇಣುಕಾ ಬಂದಳು. ಬಲಗೈಗೆ ಪೂರ್ತಿ ಬೂದಿ ಮೆತ್ತಿತ್ತು. ಒಲೆಯಿಂದ ನೇರವಾಗಿ ಎದ್ದು ಬಂದವಳಂತೆ ಕಂಡಳು. ಯಾರ ಮುಖವನ್ನೂ ನೋಡದೆ, ಸುಣ್ಣ ಹೊಡೆದ ಕಟ್ಟೆಯ ಗೋಡೆಗೆ ಅಂಗೈ ಒತ್ತಿದಳು. ತೆಗೆದಳು. ಮನೆಯಲ್ಲಿ ಮೂಡಿದ್ದ ಕೈಯೇ ಅಲ್ಲಿ ಮೂಡಿತ್ತು.

“ಅಪ್ಪಾ, ನಾನೇ ಮಾಡೀನಿ,” ಎಂದಳು. “ಕಲ್ಲೂ ನಾನೇ, ಬೆಂಕೀನೂ ನಾನೇ. ಸಾಬವ್ವಗ ಏನೂ ಗೊತ್ತಿಲ್ಲ. ಈ ಅಕ್ಕಾರಿಗೂ ಗೊತ್ತಿಲ್ಲ. ನನಗ ಮದಿವಿ ಬ್ಯಾಡಾಗಿತ್ತು.”

ಶರಣಪ್ಪ ಜನರನ್ನು ಸರಿಸಿಕೊಂಡು ನುಗ್ಗಿ ಬಂದರು. ಎತ್ತಿದ ಕೈ ಹುಡುಗಿಯ ಮೇಲೆ ಬೀಳುವಷ್ಟರಲ್ಲಿ ನಡುವೆ ಸಾಬಮ್ಮ ನಿಂತಿದ್ದಳು. ಹಿಡಿದಿದ್ದ ಹೆಂಗಸರು ಯಾವಾಗ ಬಿಟ್ಟರೋ, ಅವಳು ಯಾವಾಗ ಬಂದಳೋ ನಾನು ಕಾಣಲಿಲ್ಲ.

“ಹೊಡೀಬ್ಯಾಡ ಶರಣಪ್ಪಾ. ಅಂಜಿ ಮಾಡ್ಯಾಳ ಕೂಸು. ನೀವೂ ಅಂಜೇ ನನ್ನ ಹಿಡದ್ರಿ. ಸಾಕಿನ್ನ.”

ಅವಳು ಬಾಯಿ ತುಂಬ ಮಾತಾಡಿದಳು. ಸೆರಗು ಹೆಗಲ ಮೇಲೇ ಇತ್ತು. ಶರಣಪ್ಪನ ಕೈ ಗಾಳಿಯಲ್ಲೇ ನಿಂತು, ನಿಧಾನವಾಗಿ ಇಳಿಯಿತು. ಅವರು ಕಟ್ಟೆಯ ಮೇಲೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಇಕ್ಕಳದವನು ಯಾವ ಕಡೆ ಹೋದನೋ ಯಾರಿಗೂ ಗೊತ್ತಾಗಲಿಲ್ಲ. ಪೊಲೀಸ್ ಜೀಪು ಬಂದಾಗ ಕಟ್ಟೆಯ ಮುಂದೆ ಅರ್ಧ ಜನವೂ ಇರಲಿಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂದು ಅಧಿಕಾರಿಗಳು ಹೇಳಿ, ಶರಣಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಮಹಾದೇವಿ ಓಡಾಡಿ ರೇಣುಕಾಳನ್ನು ಮಾನ್ವಿಯ ಒಂದು ಹಾಸ್ಟೆಲಿಗೆ ಸೇರಿಸಿದಳು. ಮೊದಲ ವರ್ಷ ಅಪ್ಪ ಮಗಳನ್ನು ನೋಡಲು ಹೋಗಲಿಲ್ಲ. ಎರಡನೆಯ ವರ್ಷ ಅಕ್ಕಿ ಹಪ್ಪಳದ ಡಬ್ಬಿ ಹಿಡಿದು ಗೇಟಿನ ಹೊರಗೆ ನಿಂತಿದ್ದರಂತೆ. ಅವಳು ಈಗ ಪದವಿ ಓದುತ್ತಿದ್ದಾಳೆ.

ಧಾರಾವಾಹಿ ಎಂಟನೇ ಕಂತಿಗೆ ಬರಲೇ ಇಲ್ಲ. ಅದರ ಬದಲು ನಾನೇ ಸ್ಟುಡಿಯೋಗೆ ಹೋಗಿ, ಹೆಸರುಗಳನ್ನು ಹೇಳದೆ, ನಡೆದದ್ದನ್ನೂ ನನ್ನ ತಪ್ಪನ್ನೂ ನನ್ನ ದನಿಯಲ್ಲೇ ಹೇಳಿದೆ. ಬೈದವರು ಬಹಳ ಮಂದಿ. ಕಥೆ ಅರ್ಧಕ್ಕೆ ನಿಂತಿತೆಂದು ಬೈದವರೇ ಹೆಚ್ಚು.

ಸಾಬಮ್ಮನಿಗೆ ಮಾತ್ರ ಊರು ಮೊದಲಿನಂತಾಗಲಿಲ್ಲ. ಕೆಲವರು ಬಂದು ತಪ್ಪಾಯಿತೆಂದು ಕಾಲು ಮುಟ್ಟಿದರು. ಕೆಲವರು ಅದಾದ ಮೇಲೂ ಅವಳನ್ನು ಕಂಡರೆ ಮಕ್ಕಳ ಮುಖ ಆ ಕಡೆ ತಿರುಗಿಸುತ್ತಿದ್ದರು. ಹುಡುಗಿ ಒಪ್ಪಿಕೊಂಡಿದ್ದಾಳೆ, ಗೋಡೆಗಳ ಮೇಲಿನ ಎರಡು ಕೈಗಳೂ ಒಂದೇ ಎಂದು ಕಣ್ಣಾರೆ ಕಂಡಿದ್ದಾರೆ, ಆದರೂ ಒಮ್ಮೆ ಹೊಕ್ಕ ಹೆದರಿಕೆ ಪೂರ್ತಿ ಹೊರಡಲಿಲ್ಲ. ಅವಳು ಕುರಿಗಳನ್ನು ಹೊಡೆದುಕೊಂಡು ಬಾಗಲವಾಡದ ಮಗಳ ಮನೆಗೆ ಹೋದಳು. ನಾನು ಅಲ್ಲಿಗೆ ಎರಡು ಸಲ ಹೋದೆ. ಎರಡು ಸಲವೂ ಅವಳು ಎದ್ದು ಹಟ್ಟಿಯೊಳಗೆ ನಡೆದುಬಿಟ್ಟಳು. ಅದು ಅವಳ ಹಕ್ಕು. ಮೂರನೆಯ ಸಲ ಮಾತಾಡಿಸಿದಳು. ಒಂದು ವರ್ಷ ಕಳೆದಿತ್ತು.

“ಈಗೇನ್ ಬರಿಯಾಕತ್ತಿ?”

“ಏನೂ ಇಲ್ಲವ್ವ. ಬರಿಯಾಕ ಕುಂತ್ರ ಅಂಜಿಕಿ ಬರ್ತದ.”

ಕುರಿಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಹಂಗಾರ ಈಗ ಬರಿ. ಆವಾಗ ನಿನಗ ಅಂಜಿಕಿ ಇದ್ದಿಲ್ಲ.”

ನಾನು ಮತ್ತೆ ಬರೆಯುತ್ತಿದ್ದೇನೆ, ಭಯದ ಕಥೆಗಳನ್ನೇ. ಅಂದಿನಿಂದ ಕಂತು ಕಳಿಸುವ ಮೊದಲು ಅದರಲ್ಲಿರುವ ಪ್ರತಿಯೊಬ್ಬರನ್ನೂ ಒಂದು ನಿಜವಾದ ಓಣಿಯಲ್ಲಿ ನಿಲ್ಲಿಸಿ ನೋಡುತ್ತೇನೆ. ಈ ಮುಖ ಯಾರ ಮನೆಯಲ್ಲಾದರೂ ಇದೆಯೇ? ಇದನ್ನು ಕೇಳಿ ಹೆದರಿದವರು ಯಾರ ಬಾಗಿಲಿಗೆ ಹೋಗುತ್ತಾರೆ? ಉತ್ತರ ಗೊತ್ತಾಗದಿದ್ದರೆ ಪುಟ ಹರಿಯುತ್ತೇನೆ. ಓದುವವರು ನಂಬುತ್ತಾರೆ ಎಂಬುದು ಈ ವೃತ್ತಿಯ ಬಂಡವಾಳ; ನಂಬಿದ ಮೇಲೆ ಅವರು ಏನು ಮಾಡಬಲ್ಲರು ಎಂಬುದು ನನ್ನ ಕೈಯಲ್ಲಿಲ್ಲ ಎಂದು ನನಗೆ ಆ ಕಟ್ಟೆಯ ಮೇಲೆ ತಿಳಿಯಿತು.

ಇದನ್ನು ಬರೆಯಲೇ ಎಂದು ಇಬ್ಬರನ್ನೂ ಕೇಳಿದ್ದೇನೆ. ರೇಣುಕಾ ಫೋನಿನಲ್ಲಿ ನಕ್ಕು, ಎಲ್ಲವನ್ನೂ ಬರೆಯಿರಿ ಎಂದಳು. ಸಾಬಮ್ಮ ಕುರಿಗಳನ್ನು ಹಟ್ಟಿಗೆ ಹೊಡೆದು ಬಂದಳು. ಆಮೇಲೆ, “ಬರಿ. ಆವತ್ತ ನಾ ನೀರು ಕೇಳಿದಾಗ ಊರಾಗ ಯಾರೂ ಕೊಡಲಿಲ್ಲ ಅಂಬೋದೂ ಬರಿ,” ಎಂದಳು. ಬರೆದಿದ್ದೇನೆ.